ಬುಧವಾರದ ವಿಮಾನ, ಸೋಮವಾರದ ಗಂಟು

ದಿಲ್ಲಿ ಎಷ್ಟು ದೂರ ಎಂದು ಯಾರನ್ನು ಬೇಕಾದರೂ ಕೇಳಬಹುದಿತ್ತು, ಸುದರ್ಶನ್ ಅವರನ್ನು ಮಾತ್ರ ಕೇಳಬಾರದಿತ್ತು. ಮದುವೆಯಾಗಿ ಇಪ್ಪತ್ತೇಳು ವರ್ಷವಾದ ಮೇಲೂ ಅನಸೂಯಳಿಗೆ ಇಷ್ಟು ಬುದ್ಧಿ ಬಂದಿರಲಿಲ್ಲ. ಭಾನುವಾರ ಸಂಜೆ ಅವರೆಕಾಯಿ ಸುಲಿಯುತ್ತಾ ಕೂತವಳು ಬಾಯಿತಪ್ಪಿ ಗಂಡನನ್ನೇ ಕೇಳಿಬಿಟ್ಟಳು.

"ಯಾವ ದೂರ?" ಸುದರ್ಶನ್ ಪೇಪರ್ ಮಡಿಸಿ ಪಕ್ಕಕ್ಕಿಟ್ಟರು. "ರೈಲಿನ ದೂರವೋ, ರಸ್ತೆ ದೂರವೋ, ಆಕಾಶದ ದೂರವೋ?"

"ನಾನು ಹೋಗೋ ದೂರ."

"ಹಾಗಾದ್ರೆ ಆಕಾಶದ್ದು. ಸಾವಿರದ ಏಳುನೂರು ಕಿಲೋಮೀಟರು, ಮೇಲೆ ಚಿಲ್ಲರೆ. ರೈಲಲ್ಲಾದ್ರೆ ಎರಡು ಸಾವಿರದ ನಾನೂರು, ನಲವತ್ತು ಗಂಟೆ ಕೂರ್ಬೇಕು. ವಿಮಾನಕ್ಕೆ ಎರಡು ಗಂಟೆ ನಲವತ್ತು ನಿಮಿಷ. ಎದುರುಗಾಳಿ ಇದ್ರೆ ಇನ್ನೊಂದು ಹತ್ತು ಸೇರಿಸ್ಕೋ."

"ನೀವೂ ಬಂದ್ರೆ ಜಾಸ್ತಿ ಏನೂ ಆಗಲ್ವಲ್ಲ? ಅಷ್ಟೇ ನಿಮಿಷ ತಾನೆ?"

ಸುದರ್ಶನ್ ಮಡಿಸಿಟ್ಟ ಪೇಪರನ್ನು ಮತ್ತೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಅಲ್ಲಿಗೆ ಆ ಸಂಜೆಯ ಮಾತು ಮುಗಿಯಿತು.

ಸುದರ್ಶನ್ ವಿಮಾನ ಕಾರ್ಖಾನೆಯ ತಪಾಸಣೆ ವಿಭಾಗದವರು. ಇಪ್ಪತ್ತೆಂಟು ವರ್ಷದಿಂದ ರೆಕ್ಕೆಯ ಮೊಳೆಗಳನ್ನು ಭೂತಗನ್ನಡಿಯಲ್ಲಿ ನೋಡುವುದು, ಸರಿಯಿದ್ದರೆ ಮೊಹರು ಒತ್ತುವುದು, ಇಲ್ಲದಿದ್ದರೆ ಹಿಂದಕ್ಕೆ ಕಳಿಸುವುದು ಅವರ ಕೆಲಸ. ಅವರು ಒಪ್ಪದೆ ಒಂದು ತಗಡಿನ ಚೂರೂ ಮುಂದಿನ ಮೇಜಿಗೆ ಹೋಗುವಂತಿರಲಿಲ್ಲ. ಈ ಚಾಳಿ ವಿಮಾನಪುರದ ಅವರ ಮನೆಯೊಳಕ್ಕೂ ಬಂದಿತ್ತು. ಸೊಪ್ಪಿನ ಕಟ್ಟು, ಗ್ಯಾಸಿನ ವಾಷರು, ಕರೆಂಟ್ ಬಿಲ್ಲು, ಎಲ್ಲವೂ ಅವರ ಕಣ್ಣು ಹಾದೇ ಬರಬೇಕು. ನೋಡಿದ ಕಾಗದಕ್ಕೆಲ್ಲ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದರು. ಮದುವೆಯ ಕರೆಯೋಲೆಗೂ ಹಾಕುತ್ತಿದ್ದರು, ವೈಕುಂಠ ಸಮಾರಾಧನೆಯದಕ್ಕೂ ಹಾಕುತ್ತಿದ್ದರು. ಇಷ್ಟೆಲ್ಲ ವಿಮಾನಗಳನ್ನು ಪಾಸು ಮಾಡಿದ ಮನುಷ್ಯ ಒಂದು ಸಲವೂ ಪ್ರಯಾಣಿಕನಾಗಿ ವಿಮಾನ ಹತ್ತಿರಲಿಲ್ಲ. ಏರ್‌ಪೋರ್ಟು ಮನೆಯಿಂದ ಎರಡೇ ಕಿಲೋಮೀಟರು, ತಾರಸಿಗೆ ಹೋದರೆ ಎದ್ದ ವಿಮಾನದ ಹೊಟ್ಟೆ ಕಾಣುತ್ತಿತ್ತು. ಅಷ್ಟೇ ಸಾಕಾಗಿತ್ತು ಅವರಿಗೆ.

ಇಂಥವರಿಗೆ ಮಗಳು ಶ್ರೀವಿದ್ಯಾ ಆ ವರ್ಷ, ಎಂದರೆ ತೊಂಬತ್ತೇಳರ ಮಾರ್ಚಿನಲ್ಲಿ, ಮೂರು ಪುಟದ ಕಾಗದ ಬರೆದಳು. ಅವಳು ದಿಲ್ಲಿಯ ಹವಾಮಾನ ಕಚೇರಿ ಸೇರಿ ನಾಲ್ಕು ವರ್ಷವಾಗಿತ್ತು. ಮೊದಲ ಪುಟದ ತುಂಬ ಅಲ್ಲಿನ ಚಳಿ. ಎರಡನೆಯ ಪುಟದಲ್ಲಿ ರಾಜಶೇಖರ ಎಂಬ ಸಹೋದ್ಯೋಗಿ, ಬಾಗಲಕೋಟೆಯ ಹುಡುಗ. ಮೂರನೆಯ ಪುಟದಲ್ಲಿ, ನವೆಂಬರಿನಲ್ಲಿ ರಿಜಿಸ್ಟರ್ ಮದುವೆಯಾಗುವುದೆಂದು ನಿಶ್ಚಯಿಸಿದ್ದೇವೆ ಎಂಬ ಒಂದು ಸಾಲು.

ಜಾತಿ ಬೇರೆ, ಸೀಮೆ ಬೇರೆ ಎಂದು ಸುದರ್ಶನ್ ಹಾರಾಡಿದ್ದರೆ ಅನಸೂಯಳಿಗೆ ಜಗಳಕ್ಕೆ ಒಂದು ಹಿಡಿ ಸಿಗುತ್ತಿತ್ತು. ಅವರು ಆ ಮಾತೇ ಎತ್ತಲಿಲ್ಲ. ಮೂರನೆಯ ಪುಟದ ಆ ಒಂದು ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತರು.

"ಒಂದು ಮಾತು ಕೇಳ್ಲಿಲ್ಲ ನೋಡು. ನಾನು ಬೇಡ ಅಂತಿದ್ನಾ? ಕೇಳಿದ್ರೆ ಏನಾಗ್ತಿತ್ತು? ತಪಾಸಣೆನೇ ಇಲ್ದೆ ಮಾಲು ಡೆಲಿವರಿ ಆಗೋಗಿದೆ."

ಆ ಕಾಗದಕ್ಕೆ ಕೆಂಪು ಗೀಟು ಬೀಳಲಿಲ್ಲ. ಅಂದಿನಿಂದ ಎಂಟು ತಿಂಗಳು ಅವರು ಮಗಳ ಜೊತೆ ಮಾತಾಡಲಿಲ್ಲ. ಭಾನುವಾರ ಫೋನು ಬಂದರೆ ಅನಸೂಯ ಎತ್ತುವಳು, ಅವರು ಜಗಲಿಯಲ್ಲಿ ಪೇಪರ್ ಹಿಡಿದು ನಿಲ್ಲುವರು. ಫೋನು ಮುಗಿಯುವವರೆಗೂ ಹಾಳೆ ಮಗುಚಿದ ಸದ್ದು ಕೇಳುತ್ತಿರಲಿಲ್ಲ. ಕಿವಿ ಎಲ್ಲಿದೆ ಎಂದು ಅನಸೂಯಳಿಗೆ ಗೊತ್ತಿತ್ತು. ಆದರೆ ಕಿವಿಯೊಂದೇ ಬಂದರೆ ಮಗಳ ಮದುವೆಗೆ ಸಾಕೆ? ಮನುಷ್ಯ ಬರಬೇಡವೆ?

ನವೆಂಬರಿನಲ್ಲಿ ಮಗಳು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಎರಡು ವಿಮಾನದ ಟಿಕೆಟ್ಟು ಕಳಿಸಿದಳು. ಬುಧವಾರ ಸಂಜೆ ನಾಲ್ಕೂಕಾಲಿಗೆ ವಿಮಾನ, ಗುರುವಾರ ಹನ್ನೊಂದಕ್ಕೆ ಮದುವೆ. ಸುದರ್ಶನ್ ಲಕೋಟೆಯನ್ನು ದೂರದಿಂದಲೇ ನೋಡಿದರು.

"ನೀನು ಹೋಗ್ಬಾ. ಏರ್‌ಪೋರ್ಟ್‌ವರೆಗೆ ಬಿಡ್ತೀನಿ. ಅಲ್ಲಿಂದ ಮುಂದೆ ನನ್ನ ಕೈಲಾಗಲ್ಲ."

"ಹುಡುಗನ ಅಪ್ಪ ಸಂಗನಬಸಪ್ಪನೋರು ನಲವತ್ತು ಗಂಟೆ ರೈಲಲ್ಲಿ ಕೂತು ಹೋಗ್ತಿದಾರಂತೆ. ನಿಮಗೆ ಎರಡೂ ಮುಕ್ಕಾಲು ಗಂಟೆ ಕೂರಕ್ಕಾಗಲ್ವಾ?"

"ಅವರನ್ನ ಮಗ ಕೇಳಿದಾನೆ. ಅದಕ್ಕೆ ಹೋಗ್ತಾರೆ."

ಹಿಡಿದ ಹಠಕ್ಕೆ ಮದ್ದಿಲ್ಲ. ಅನಸೂಯ ಟಿಕೆಟ್ಟಿನ ಲಕೋಟೆಯನ್ನು ಬೀರುವಿನಲ್ಲಿ ಮೈಸೂರು ಸಿಲ್ಕಿನ ಕೆಳಗಿಟ್ಟಳು. ಆಮೇಲೆ ಪಂಚಾಂಗ ತೆಗೆದಳು.

ಪಂಚಾಂಗ ನೋಡಿದ್ದೇ ಇನ್ನೊಂದು ತಾಪತ್ರಯವಾಯಿತು. ಬುಧವಾರ ಉತ್ತರ ದಿಕ್ಕಿಗೆ ಶೂಲೆ, ಆ ಕಡೆಗೆ ಹೊರಡಬಾರದು. ದಿಲ್ಲಿಯಾದರೋ ಬೆಂಗಳೂರಿಗೆ ನೆಟ್ಟಗೆ ಉತ್ತರ. ಹಿರಿಯರು ಇದಕ್ಕೂ ಒಂದು ಉಪಾಯ ಮಾಡಿಟ್ಟಿದ್ದಾರೆ, ಅದಕ್ಕೆ ಪ್ರಸ್ಥಾನ ಇಡುವುದು ಎಂದು ಹೆಸರು. ಒಳ್ಳೆಯ ದಿನ ನೋಡಿ, ಹೊರಡುವವರ ಒಂದು ವಸ್ತ್ರವನ್ನು ಅಕ್ಕಿ, ಅರಿಶಿನದ ಕೊಂಬು, ಅಡಿಕೆಯ ಜೊತೆ ಗಂಟು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಒಬ್ಬರ ಮನೆಯಲ್ಲಿ ಇಟ್ಟು ಬರಬೇಕು. ಅಲ್ಲಿಗೆ ಪ್ರಯಾಣ ಅವತ್ತೇ ಶುರುವಾದ ಲೆಕ್ಕ. ಆಮೇಲೆ ಯಾವ ದಿನ ಹೊರಟರೂ ದೋಷವಿಲ್ಲ, ದಾರಿಯಲ್ಲಿ ಗಂಟು ಎತ್ತಿಕೊಂಡು ಹೋದರಾಯಿತು. ಕಟ್ಟಳೆ ಒಂದೇ: ಇಟ್ಟ ಗಂಟು ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಮನೆಗೆ ಬರಬಾರದು.

ಸೋಮವಾರ ಬೆಳಗ್ಗೆ ಅನಸೂಯ ಒಂದು ಹಸಿರು ಬಟ್ಟೆ ಹಾಸಿಕೊಂಡು ತನ್ನದೊಂದು ರವಿಕೆ ಇಟ್ಟಳು. ಗಂಡನ ಮುಂದೆ ಕೈಚಾಚಿದಳು.

"ನಿಮ್ಮದೂ ಒಂದು ಬಟ್ಟೆ ಕೊಡಿ. ಹೊರಡೋರೇ ಕೈಯಾರೆ ಹಾಕ್ಬೇಕು."

"ಹೋಗದೇ ಇರೋನಿಗೆ ಪ್ರಸ್ಥಾನ ಯಾಕೆ?" ಎಂದು ಸುದರ್ಶನ್ ಶೂಸಿನ ದಾರ ಬಿಗಿದುಕೊಂಡು ಕಾರ್ಖಾನೆಗೆ ಹೊರಟುಹೋದರು.

ಅನಸೂಯ ಗಂಡನ ಬಟ್ಟೆಗಳ ಮುಂದೆ ಹೋಗಿ ನಿಂತಳು. ಒಂದು ಹಳೇ ಟವೆಲ್ಲನ್ನಾದರೂ ಕದ್ದು ಗಂಟಿಗೆ ಸೇರಿಸಿಬಿಡೋಣವೇ ಎಂದುಕೊಂಡಳು. ಕದ್ದು ಹಾಕಿದ ಪ್ರಸ್ಥಾನ ಫಲ ಕೊಡುವುದಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದರು. ಒಬ್ಬಳದೇ ಗಂಟು ಕಟ್ಟಿಕೊಂಡು ಉತ್ತರದ ಅಡ್ಡರಸ್ತೆಯ ಬದ್ರುನ್ನೀಸಾಳ ಮನೆಗೆ ಹೋದಳು.

ಬದ್ರುನ್ನೀಸಾಳ ಗಂಡನೂ ಅದೇ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ವಿಭಾಗದಲ್ಲಿದ್ದು ತೀರಿಕೊಂಡವರು. ಗೆಳೆತನ ಇಪ್ಪತ್ತು ವರ್ಷದ್ದು. ಉತ್ತರಕ್ಕೆ ಯಾವ ಪ್ರಯಾಣವಿದ್ದರೂ ಅನಸೂಯಳ ಗಂಟು ಆ ಮನೆಗೇ. ಕಟ್ಟಳೆಗಳೆಲ್ಲ ಬದ್ರುನ್ನೀಸಾಳಿಗೆ ಬಾಯಿಪಾಠವಾಗಿದ್ದವು. ಗಂಟನ್ನು ನೆಲಕ್ಕಿಡುತ್ತಿರಲಿಲ್ಲ, ಬೀರುವಿನ ಮೇಲೆ ಶುಭ್ರವಾದ ದುಪಟ್ಟಾ ಹಾಸಿ ಇಡುತ್ತಿದ್ದಳು.

"ಭಾಯಿಸಾಬ್‌ದು ಇಲ್ವಾ ಇದ್ರಲ್ಲಿ?" ಎಂದು ಕೇಳಿದಳು.

"ಇಲ್ಲ ಬದ್ರೂ. ಕಲ್ಲು ಕರಗೀತು, ಅವರು ಕರಗಲ್ಲ," ಎಂದು ಅನಸೂಯ ಅಲ್ಲೇ ಕೂತು ಸ್ವಲ್ಪ ಅತ್ತು, ಚಹಾ ಕುಡಿದು ಬಂದಳು.

ಬುಧವಾರ ಬಂತು. ಸುದರ್ಶನ್ ಅರ್ಧ ದಿನಕ್ಕೇ ಮನೆಗೆ ಬಂದರು. ಹೆಂಡತಿಯನ್ನು ಬಿಟ್ಟುಬರುವುದಕ್ಕೆ ಎಂದರು. ಸೂಟ್‌ಕೇಸು ಬಾಗಿಲಿಗೆ ಬಂದಿತ್ತು. ಗೇಟಿನ ಮುಂದೆ ಸೀನನ ಆಟೋ ಬಂದು ನಿಂತಿತ್ತು. ಒಂದೂವರೆಗೆ ಅನಸೂಯ ಬೀರು ತೆಗೆದು ಮೈಸೂರು ಸಿಲ್ಕಿನ ಕೆಳಗೆ ಕೈಹಾಕಿದರೆ ಲಕೋಟೆ ಇಲ್ಲ.

ಸೀರೆಗಳನ್ನೆಲ್ಲ ಹೊರಗೆಳೆದಳು. ಹಾಸಿಗೆ ಎತ್ತಿದಳು. ದೇವರ ಫೋಟೋಗಳ ಹಿಂದೆ ನೋಡಿದಳು, ಅಕ್ಕಿ ಡಬ್ಬಿಯಲ್ಲಿ ನೋಡಿದಳು. ಟಿಕೆಟ್ಟಿಲ್ಲದೆ ಹೋದರೆ ಅಪ್ಪ ಅಮ್ಮ ಇಬ್ಬರೂ ಇಲ್ಲದ ಮದುವೆಯಾಗುತ್ತದೆ ಮಗಳದು. ಹತ್ತು ನಿಮಿಷ ಸುದರ್ಶನ್ ಬಾಗಿಲ ಬಳಿ ನಿಂತು ಕೆಮ್ಮಿದರು. ಆಮೇಲೆ ಛಾವಣಿ ನೋಡುತ್ತಾ ಹೇಳಿದರು.

"ಆ ಗಂಟಲ್ಲಿ ಇರ್ಬಹುದು, ನೋಡು."

"ಗಂಟಲ್ಲಿ ಯಾಕ್ರೀ ಇರುತ್ತೆ?"

"ಪ್ರಯಾಣದ್ದು ಅಂತ ನೀನೇ ಹಾಕಿರ್ತೀಯ. ಮರ್ತಿರ್ತೀಯ. ಮೊನ್ನೆ ಕನ್ನಡಕನ ಫ್ರಿಜ್ಜಲ್ಲಿ ಇಟ್ಟಿರ್ಲಿಲ್ವಾ?"

ಕನ್ನಡಕ ಫ್ರಿಜ್ಜಿನಲ್ಲಿ ಇಟ್ಟಿದ್ದು ನಿಜ. ಹಾಕಿರಬಹುದು ಎಂದು ಅನಸೂಯಳಿಗೂ ಅನ್ನಿಸಿತು. ಸೂಟ್‌ಕೇಸನ್ನು ಆಟೋಗೆ ಹಾಕಿ, ಮನೆಗೆ ಬೀಗ ಜಡಿದು, ಅಡ್ಡರಸ್ತೆಗೆ ತಿರುಗಿದರು. ನೋಡಿದರೆ ಬದ್ರುನ್ನೀಸಾಳ ಮನೆಗೂ ಬೀಗ.

ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಕಾಂಪೌಂಡಿನ ಮೇಲಿಂದ ತಲೆ ಎತ್ತಿದಳು. "ಬದ್ರುನ್ನೀಸಾ ಬೆಳಗ್ಗೆ ಏಳಕ್ಕೇ ರಿಚರ್ಡ್ಸ್ ಟೌನಿಗೆ ಹೋದ್ಳು. ಅವಳ ತಂಗಿ ಬಚ್ಚಲಲ್ಲಿ ಜಾರಿ ಕಾಲು ಮುರ್ಕೊಂಡವಳಂತೆ. ನಿಮ್ಮ ಗಂಟೂ ತಗೊಂಡು ಹೋಗಿದಾಳೆ. ಹೇಳ್ಬಿಡು ಅಂದಿದ್ಳು."

"ಏಳು ಗಂಟೆಗೆ ಹೇಳಿದ್ದನ್ನ ಈಗ ಹೇಳ್ತೀಯಲ್ಲೇ!"

"ನೀನೇ ಬರ್ತೀಯಲ್ಲ, ಬಂದಾಗ ಹೇಳಿದ್ರಾಯ್ತು ಅಂದ್ಕೊಂಡೆ," ಎಂದಳು ಗಂಗಲಕ್ಷ್ಮಮ್ಮ. ಅವಳ ಮಾತಿನಲ್ಲಿ ತಪ್ಪು ಹುಡುಕಲು ಸಮಯವಿರಲಿಲ್ಲ.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ. ಎರಡು ಕಿಲೋಮೀಟರಿನಾಚೆ ಏರ್‌ಪೋರ್ಟು, ಅದನ್ನು ಬಿಟ್ಟು ಹನ್ನೊಂದು ಕಿಲೋಮೀಟರಿನಾಚೆಯ ರಿಚರ್ಡ್ಸ್ ಟೌನಿಗೆ ಈಗ ಓಡಬೇಕಾಗಿತ್ತು. ಆ ತಂಗಿಯ ಮನೆಯ ಫೋನ್ ನಂಬರು ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ರಂಜಾನಿಗೆ ಹೋಗಿದ್ದರಿಂದ ಮನೆ ಮಾತ್ರ ಅನಸೂಯಳಿಗೆ ಗೊತ್ತಿತ್ತು.

"ಏನ್ ಸಾರ್ ಇದು, ಏರ್‌ಪೋರ್ಟು ಅಂತ ಕರೆದ್ರಿ," ಎಂದ ಸೀನ. "ರಿಚರ್ಡ್ಸ್ ಟೌನು ಪೂರಾ ಆ ಕಡೆ ಸಾರ್."

"ಗೊತ್ತು, ಹೊಡಿ. ಈಗ ಎರಡು ಗಂಟೆ. ಮೂರೂವರೆಗೆ ಕೌಂಟರ್ ಮುಚ್ತಾರೆ. ಹೋಗೋಕೆ ಹನ್ನೊಂದು ಕಿಲೋಮೀಟರು, ಬರೋಕೆ ಹತ್ತು. ಅಲ್ಲಿ ಇಪ್ಪತ್ತು ನಿಮಿಷ ಹಿಡಿದ್ರೂ, ಗಂಟೆಗೆ ಹದಿನೆಂಟರ ಮೇಲೆ ಹೋದ್ರೆ ಆಗುತ್ತೆ."

"ಹದಿನೆಂಟೇನು ಸಾರ್, ನಲವತ್ತು ಹೋಗ್ತೀನಿ. ಕುತ್ಕೊಳಿ ಮೇಡಂ, ಬಿಗಿಯಾಗಿ ಹಿಡ್ಕೊಳಿ."

ಸೀನನ ನಲವತ್ತು ದೊಮ್ಮಲೂರಿನ ಸಿಗ್ನಲ್ಲಿನವರೆಗೆ ಬಾಳಿತು. ಮುಂದೆ ಇಂದಿರಾನಗರದ ನೂರಡಿ ರಸ್ತೆಯನ್ನು ಯಾವುದೋ ಕೇಬಲ್ಲಿಗಾಗಿ ಅಗೆದಿದ್ದರು. ಹಲಸೂರು ಕೆರೆಯ ಪಕ್ಕ ಸೌತೆಕಾಯಿ ಗಾಡಿಯೊಂದು ಮಗುಚಿಕೊಂಡಿತ್ತು, ಸೌತೆಕಾಯಿ ಆರಿಸುವವರಿಗಿಂತ ನೋಡುವವರೇ ಹೆಚ್ಚಿದ್ದರು. ಒಬ್ಬ ತಮಿಳಿನಲ್ಲಿ, ಇನ್ನೊಬ್ಬ ಉರ್ದುವಿನಲ್ಲಿ ಪೊಲೀಸಿನವನಿಗೆ ಬುದ್ಧಿ ಹೇಳುತ್ತಿದ್ದರು. ಪೊಲೀಸಿನವನು ಎರಡೂ ಭಾಷೆಯಲ್ಲಿ ಬೈಯುತ್ತಿದ್ದ. ಇಷ್ಟು ಹೊತ್ತಿಗೆ ವಿಮಾನವಾಗಿದ್ದರೆ ತುಂಗಭದ್ರೆ ದಾಟಿರುತ್ತಿತ್ತು ಎಂದು ಸುದರ್ಶನ್ ಗಡಿಯಾರ ನೋಡಿ ಗೊಣಗಿದರು.

ಅನಸೂಯ ಗಂಡನನ್ನೇ ನೋಡುತ್ತಿದ್ದಳು. ತಾನು ಅವಸರಪಡುವುದು ಸರಿ, ಈ ಮನುಷ್ಯನಿಗೇಕೆ ಇಷ್ಟು ಸಂಕಟ? ಅಡಿಗಡಿಗೆ ಗಡಿಯಾರ ನೋಡುತ್ತಿದ್ದಾರೆ, ಹೊರಗೆ ತಲೆ ಹಾಕಿ "ಎಡಕ್ಕೆ ತಗೋ, ಎಡಕ್ಕೆ" ಎನ್ನುತ್ತಿದ್ದಾರೆ, ಹಣೆಯ ಮೇಲೆ ಬೆವರು. ಹೆಂಡತಿಯನ್ನು ಸಾಗಹಾಕಲು ಇಷ್ಟೊಂದು ಆತುರವೇ ಎಂದು ಅವಳಿಗೆ ಸಿಟ್ಟೇ ಬಂತು. ಇವರನ್ನು ಬಿಟ್ಟು ಒಬ್ಬಳೇ ಹೋಗಿ ಮಗಳ ಮುಂದೆ ನಿಂತಾಗ ಅವಳು ಮೊದಲು ತನ್ನ ಹಿಂದೆ ಯಾರಿದ್ದಾರೆ ಎಂದು ನೋಡುತ್ತಾಳೆ. ಆ ನೋಟಕ್ಕೆ ಏನು ಉತ್ತರ ಕೊಡುವುದು? ಎರಡು ದಿನದಿಂದ ಅವಳ ತಲೆಯಲ್ಲಿ ಇದೊಂದೇ ಕೊರೆಯುತ್ತಿತ್ತು.

ರಿಚರ್ಡ್ಸ್ ಟೌನಿನ ಪಾರ್ಕಿನೆದುರು, ಕೆಂಪು ಗೇಟಿನ ಹಳೆಯ ಮನೆಯ ಮುಂದೆ ಆಟೋ ನಿಂತಾಗ ಎರಡೂ ನಲವತ್ತು.

"ನೀವು ಇಲ್ಲೇ ಇರಿ, ಐದು ನಿಮಿಷ," ಎಂದು ಅನಸೂಯ ಒಳಗೆ ಓಡಿದಳು.

ಬದ್ರುನ್ನೀಸಾ ತಂಗಿಯ ಪ್ಲಾಸ್ಟರ್ ಕಾಲಿನ ಕೆಳಗೆ ದಿಂಬು ಸರಿಸುತ್ತಿದ್ದಳು. "ಅರೇ ಅನಸೂಯಾ, ಬಂದ್ಯಾ! ನಾನು ಏನ್ ಮಾಡ್ಲಿ ಹೇಳು. ಮನೆ ಬೀಗ ಹಾಕ್ಬೇಕು. ಗಂಟು ನಿನಗೆ ವಾಪಸ್ ಕೊಡೋ ಹಾಗಿಲ್ಲ. ಮುಂದೆ ಹೋಗ್ಬಹುದು, ಹಿಂದೆ ಬರಬಾರ್ದು ಅಂತ ನೀನೇ ಹೇಳಿದ್ದು. ರಿಚರ್ಡ್ಸ್ ಟೌನು ಉತ್ತರಕ್ಕೇ ಅಲ್ವಾ? ಅದಕ್ಕೆ ಮುಂದಕ್ಕೆ ತಂದ್ಬಿಟ್ಟೆ. ಬಸ್ಸಲ್ಲೂ ಕೆಳಗಿಡ್ಲಿಲ್ಲ, ಮಡಿಲಲ್ಲೇ ಇಟ್ಕೊಂಡೆ."

ಅನಸೂಯ ಬಯ್ಯಲೆಂದೇ ಬಂದಿದ್ದಳು. ತನ್ನ ಸಂಪ್ರದಾಯವನ್ನು ತನಗಿಂತ ಕಟ್ಟುನಿಟ್ಟಾಗಿ ಕಾಪಾಡಿದವಳನ್ನು ಯಾವ ಬಾಯಿಂದ ಬಯ್ಯುವುದು? ಮಂಚದ ಮೇಲೆ ಗಂಟು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ತಾನು ಹಾಕಿದ್ದಕ್ಕಿಂತ ಬಿಗಿ. ತೆರೆದರೆ ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ತನ್ನ ರವಿಕೆ. ರವಿಕೆಯ ಕೆಳಗೆ ತಾನಿಡದ ಒಂದು ವಸ್ತ್ರ.

ಅದು ಕೆಂಪಂಚಿನ ರೇಷ್ಮೆ ಪಂಚೆ. ಮೂರು ವರ್ಷದ ಹಿಂದೆ, ಶ್ರೀವಿದ್ಯಾಳಿಗೆ ಗಂಡು ನೋಡೋಣ ಎಂಬ ಮಾತು ಶುರುವಾದಾಗ, ಮಗಳನ್ನು ಧಾರೆಯೆರೆದು ಕೊಡುವ ದಿನ ಉಡುವುದಕ್ಕೆಂದು ಸುದರ್ಶನ್ ಚಿಕ್ಕಪೇಟೆಯವರೆಗೆ ಹೋಗಿ ತಂದದ್ದು. ಅಂಗಡಿಯ ಮಡಿಕೆಯನ್ನೇ ಬಿಚ್ಚಿರಲಿಲ್ಲ. ಮಾರ್ಚಿನಲ್ಲಿ ಆ ಕಾಗದ ಬಂದ ದಿನ ಅವರು ಅದನ್ನು ಟ್ರಂಕಿನ ತಳಕ್ಕೆ ತುರುಕಿದ್ದನ್ನು ಅನಸೂಯ ಕಣ್ಣಾರೆ ನೋಡಿದ್ದಳು. ಪಂಚೆಯ ಮಡಿಕೆಯೊಳಗೆ ಒಂದು ಬಿಳಿ ಅಂಗಿ, ಅಂಗಿಯೊಳಗೆ ಟಿಕೆಟ್ಟಿನ ಲಕೋಟೆ. ಲಕೋಟೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಗೀಟು.

"ಸೋಮವಾರ ಸಾಯಂಕಾಲ ಭಾಯಿಸಾಬ್ ಬಂದಿದ್ರು," ಎಂದಳು ಬದ್ರುನ್ನೀಸಾ, ಸಣ್ಣ ದನಿಯಲ್ಲಿ. "ಇದನ್ನೂ ಗಂಟಿಗೆ ಸೇರಿಸಿ, ಅವಳಿಗೆ ಹೇಳ್ಬೇಡಿ ಅಂದ್ರು. ನಾನು ಗಂಟು ಬಿಚ್ಚಲ್ಲ, ಹೋಗೋರು ತಮ್ಮ ಕೈಯಲ್ಲೇ ಹಾಕ್ಬೇಕು ಅಂದೆ. ಅರ್ಧ ಗಂಟೆ ಕೂತು ಕಟ್ಟಿದ್ರು ನೋಡು. ಮೂರು ಸಲ ಬಿಚ್ಚಿ ಕಟ್ಟಿದ್ರು."

ಅನಸೂಯಳಿಗೆ ಕೋಪ ಬಂತು, ನಗು ಬಂತು, ಕಣ್ಣಲ್ಲಿ ನೀರೂ ಬಂತು. ಎರಡು ದಿನ ಅನ್ನ ಸೇರದೆ ಒದ್ದಾಡಿದ್ದೇನೆ, ಈ ಮಹಾನುಭಾವರು ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ ಇಲ್ಲಿ ಬಂದು ಪ್ರಸ್ಥಾನ ಕಟ್ಟಿ ಹೋಗಿದ್ದಾರೆ! ಟಿಕೆಟ್ಟನ್ನೂ ತಾವೇ ಹಾಕಿ, ಕನ್ನಡಕದ ನೆಪ ತೆಗೆದು ನನ್ನ ತಲೆಗೆ ಕಟ್ಟಿದ್ದಾರೆ. ಬೀದಿಗೆ ಹೋಗಿ ಜಗಳ ತೆಗೆಯಬೇಕು ಎಂದು ಎದ್ದವಳು, ಪಂಚೆಯನ್ನು ಒಮ್ಮೆ ಎದೆಗೆ ಒತ್ತಿಕೊಂಡು, ಎಲ್ಲವನ್ನೂ ಹಾಗೆಯೇ ಇಟ್ಟು ಮತ್ತೆ ಗಂಟು ಕಟ್ಟಿದಳು. ಲಕೋಟೆಯನ್ನು ಮಾತ್ರ ಪರ್ಸಿಗೆ ಹಾಕಿಕೊಂಡಳು. ಅವರಾಗಿ ಹೇಳುವವರೆಗೆ ತಾನು ಬಾಯಿಬಿಡಬಾರದು ಎಂದು ತೀರ್ಮಾನಿಸಿದಳು. ಹಠ ಒಬ್ಬರ ಸೊತ್ತೇನಲ್ಲವಲ್ಲ.

ಬದ್ರುನ್ನೀಸಾ ಹಿಂದೆಯೇ ಗೇಟಿಗೆ ಬಂದಳು. ಅವಳ ಕೈಯಲ್ಲಿ ಎರಡು ಹಸಿರು ರಿಬ್ಬನ್ನಿನ ತುಂಡು, ಒಂದೊಂದರಲ್ಲೂ ಒಂದು ರೂಪಾಯಿ ಹೊಲಿದಿತ್ತು. ಪ್ರಯಾಣ ಹೊರಟವರ ತೋಳಿಗೆ ಅವರ ಮನೆಯವರು ಕಟ್ಟುವ ಇಮಾಮ್ ಜಾಮಿನ್ ಅದು. ದಾರಿಯಲ್ಲಿ ಕಾಪಾಡಲಿ, ಮುಟ್ಟಿದ ಮೇಲೆ ಆ ರೂಪಾಯಿ ಯಾರಾದರೂ ಬಡವರಿಗೆ ಸೇರಲಿ ಎಂದು. ಅನಸೂಯಳ ತೋಳಿಗೆ ಕಟ್ಟಿದಳು. ಎರಡನೆಯದನ್ನು ಹಿಡಿದು ಆಟೋದೊಳಕ್ಕೆ ಬಗ್ಗಿದಳು. ಸುದರ್ಶನ್ ತೋಳು ಚಾಚಿದರು.

"ಏರ್‌ಪೋರ್ಟ್‌ವರೆಗೆ ಹೋಗೋರಿಗೂ ಕಟ್ತಾರಾ?" ಎಂದಳು ಅನಸೂಯ.

"ಹಲಸೂರ ಟ್ರಾಫಿಕ್ ನೋಡಿದ್ಯಲ್ಲ," ಎಂದರು ಸುದರ್ಶನ್. ಸೀನ ಗಾಡಿ ತಿರುಗಿಸಿದ.

ಪಾರ್ಕಿನ ಮೂಲೆ ದಾಟಿದಾಗ ಅನಸೂಯಳಿಗೆ ಹೊಸ ಯೋಚನೆ ಹೊಳೆಯಿತು. ಗಂಟು ಮಡಿಲಲ್ಲಿದೆ. ಆಟೋ ಏರ್‌ಪೋರ್ಟಿನ ಕಡೆಗೆ, ಎಂದರೆ ದಕ್ಷಿಣಕ್ಕೆ ಓಡುತ್ತಿದೆ. ಪ್ರಸ್ಥಾನ ಹಿಂದಕ್ಕೆ ಹೋಗುತ್ತಿದೆ! ಬೇರೆ ದಿನವಾಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದಳೋ ಏನೋ. ಇವತ್ತು ಅದರೊಳಗೆ ಗಂಡನ ಪಂಚೆ ಇತ್ತು. ಎಂಟು ತಿಂಗಳಿಗೆ ಹೊರಟ ಪ್ರಯಾಣ ಅಪಶಕುನವಾಗಿ ನಿಂತುಹೋದರೆ?

"ಏನ್ರೀ, ಇದು ವಾಪಸ್ ಬರ್ತಿದೆಯಲ್ರೀ. ಹಿಂದಕ್ಕೆ ಬರಬಾರ್ದು."

ಬೇರೆ ದಿನವಾಗಿದ್ದರೆ ಸುದರ್ಶನ್ ನಗುತ್ತಿದ್ದರು. ಇವತ್ತು ಅವರೂ ಗಂಟನ್ನು ನೋಡಿದರು. ಆಮೇಲೆ ಕಾರ್ಖಾನೆಯಲ್ಲಿ ಹೊಸಬರಿಗೆ ಹೇಳಿಕೊಡುವ ದನಿಯಲ್ಲಿ ಶುರುಮಾಡಿದರು.

"ನೋಡು, ದಿಲ್ಲಿ ವಿಮಾನ ನೆಲದಿಂದ ನೇರ ಉತ್ತರಕ್ಕೆ ಹಾರುತ್ತೆ ಅಂದ್ಕೊಂಡಿದೀಯಾ? ರನ್‌ವೇ ಇರೋದೇ ಪೂರ್ವ ಪಶ್ಚಿಮ. ಗಾಳಿ ನೋಡ್ಕೊಂಡು ಮೊದಲು ಆ ಕಡೆಗೋ ಈ ಕಡೆಗೋ ಓಡುತ್ತೆ. ಎದ್ದ ಮೇಲೆ ಒಂದು ಸುತ್ತು ಹಾಕಿ ದಾರಿಗೆ ತಿರುಗುತ್ತೆ. ಅದನ್ನ ಯಾರೂ ಹಿಂದಕ್ಕೆ ಬಂತು ಅನ್ನಲ್ಲ. ಏಳೋಕೆ ಮುಂಚಿನ ಓಟ ಅದು, ಅಷ್ಟೇ. ನಾವೂ ಎದ್ದ ಮೇಲೆ ತಿರುಗಿಸ್ಕೊಳ್ಳೋಣ."

ಹಿಂದೆ ಮುಂದೆ ನೋಡದೆ ಬಾಯಿಂದ ಬಂದುಬಿಟ್ಟಿತ್ತು ಆ ಮಾತು. ಅನಸೂಯ ತಿರುಗಿ ನೋಡಿದಳು. ಸುದರ್ಶನ್ ಅವಸರದಿಂದ ಹೊರಗೆ ತಲೆ ಹಾಕಿ ಸೀನನಿಗೆ ಎಡಕ್ಕೆ ತಗೊಳ್ಳಲು ಹೇಳಿದರು. ಎಡಕ್ಕೆ ಬರೀ ಹಲಸೂರು ಕೆರೆಯಿತ್ತು.

"ಅಲ್ಲಿಗ್ ಹೋದ್ರೆ ಸ್ಟ್ರೈಟಾಗಿ ನೀರಿಗೇ ಸಾರ್," ಎಂದ ಸೀನ.

ಸೌತೆಕಾಯಿ ಗಾಡಿ ಎದ್ದು ಹೋಗಿತ್ತು. ದೊಮ್ಮಲೂರಿನ ಸಿಗ್ನಲ್ಲು ಹಸಿರಾಗಿಯೇ ಸಿಕ್ಕಿತು. ಏರ್‌ಪೋರ್ಟಿನ ಕೌಂಟರ್ ಮುಟ್ಟಿದಾಗ ಮೂರು ಇಪ್ಪತ್ತಾರು, ಇನ್ನು ನಾಲ್ಕು ನಿಮಿಷ ಬಾಕಿ. ಕೌಂಟರಿನ ಹುಡುಗಿ ಎರಡು ಟಿಕೆಟ್ಟನ್ನೂ ಬಿಡಿಸಿ ನೋಡಿದಳು. ಮುಂದೆ ನಿಂತವರನ್ನು ನೋಡಿದಳು. ಒಂದೇ ಸೂಟ್‌ಕೇಸು, ಒಂದು ಹಸಿರು ಗಂಟು.

"ಇಬ್ರೂ ಟ್ರಾವೆಲ್ ಮಾಡ್ತಿದೀರಾ ಸರ್?"

ಅನಸೂಯ ಬಾಯಿ ಹೊಲಿದುಕೊಂಡು ನಿಂತಳು. ಸಹಾಯಕ್ಕೆ ಹೋಗಲಿಲ್ಲ. ಸುದರ್ಶನ್ ಟಿಕೆಟ್ಟಿನ ಮೇಲೆ ಅಚ್ಚಾಗಿದ್ದ ತಮ್ಮ ಹೆಸರನ್ನು ಕಾಗುಣಿತ ಸರಿಯಾಗಿದೆಯೋ ಇಲ್ಲವೋ ಎಂಬಂತೆ ಒಂದು ಸಲ ಪೂರ್ತಿ ಓದಿದರು.

"ಹೌದಮ್ಮಾ, ಇಬ್ರೂ," ಎಂದರು. "ರೆಕ್ಕೆ ಕಾಣದೇ ಇರೋ ಕಡೆ ಸೀಟ್ ಕೊಡು. ಕಂಡ್ರೆ ನನಗೆ ಮೊಳೆ ಎಣಿಸೋ ಕೆಲಸ ಆಗುತ್ತೆ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು ತಾನೆ. ಅನಸೂಯ ಮುಖ ಅತ್ತ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ವಿಮಾನ ಎದ್ದು, ಅವರು ಹೇಳಿದ್ದಂತೆಯೇ ಒಂದು ಸುತ್ತು ಹಾಕಿತು, ಕೆಳಗೆ ಊರು ಸಣ್ಣದಾಯಿತು. ಸುದರ್ಶನ್ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದರು. ಹಾರಾಟದ ಅವಧಿ ಎರಡು ಗಂಟೆ ನಲವತ್ತು ನಿಮಿಷ ಎಂದು ಮೇಲಿನಿಂದ ದನಿ ಬಂದಾಗ, ತಾವೇ ಮಂಜೂರು ಮಾಡಿದವರಂತೆ ತಲೆಯಾಡಿಸಿದರು.

"ರಜಾ?" ಎಂದು ಕೇಳಿದಳು ಅನಸೂಯ. "ನಾಳೆ ಕೆಲಸಕ್ಕೆ ಹೋಗ್ಬೇಕಲ್ಲ ನೀವು."

"ಶನಿವಾರದವರೆಗೆ ಬರೆದುಕೊಟ್ಟಿದೀನಿ."

"ಯಾವಾಗ ಬರೆದುಕೊಟ್ರಿ?"

"ಹೋದ ತಿಂಗಳು."

"ಹೋದ ತಿಂಗಳು! ನನಗೊಂದು ಮಾತು ಹೇಳಿದ್ರೆ ಏನಾಗ್ತಿತ್ರೀ?"

ಸುದರ್ಶನ್ ಎದುರಿನ ಕುರ್ಚಿಯ ಬೆನ್ನಿಗೇ ಹೇಳಿದರು. "ಹೇಳಿದ್ಮೇಲೆ ನಾನು ಬರದೇ ಹೋಗಿದ್ರೆ? ನನ್ನ ಮೇಲೆ ನನಗೇ ನಂಬಿಕೆ ಇರ್ಲಿಲ್ಲ ಕಣೆ. ಗಂಟಲ್ಲಿ ಹಾಕ್ಬಿಟ್ರೆ ಹಿಂದಕ್ಕೆ ತಗೊಳ್ಳೋ ಹಾಗಿಲ್ಲವಲ್ಲ, ಅದಕ್ಕೆ ಹಾಕ್ದೆ. ಟಿಕೆಟ್ಟೂ ಅಲ್ಲೇ ಇರ್ಲಿ ಅಂತ ಇಟ್ಟೆ. ಆಯಮ್ಮ ಗಂಟು ಎತ್ಕೊಂಡು ರಿಚರ್ಡ್ಸ್ ಟೌನಿಗೆ ಹೋಗ್ತಾರೆ ಅಂತ ನನಗೇನು ಗೊತ್ತು?"

ಈ ಮನುಷ್ಯನ ಮೇಲೆ ಅನಸೂಯಳಿಗೆ ಅಷ್ಟು ಪ್ರೀತಿ ಬಂದು ಬಹಳ ವರ್ಷವಾಗಿತ್ತು. ಕುರ್ಚಿಯ ಕೈ ಹಿಡಿದಿದ್ದ ಅವರ ಕೈಯ ಮೇಲೆ ತನ್ನ ಕೈ ಇಟ್ಟು ಕೂತಳು.

ದಿಲ್ಲಿಯಲ್ಲಿ ಇಳಿದಾಗ ಹೊರಗೆ ಆಗಲೇ ಚಳಿ. ಗಾಜಿನ ಬಾಗಿಲಿನಾಚೆ, ಕಂಬಿಯ ಹಿಂದೆ ಶ್ರೀವಿದ್ಯಾ ನಿಂತಿದ್ದಳು, ಒಬ್ಬಳೇ. ಕೈಯಲ್ಲಿ ಅಮ್ಮನಿಗೆಂದು ತಂದ ಒಂದು ಶಾಲು. ಅಮ್ಮ ಕಂಡೊಡನೆ ಕೈಬೀಸಿದಳು, ನಕ್ಕಳು. ಆಮೇಲೆ ಅನಸೂಯ ಅಂದುಕೊಂಡಿದ್ದಂತೆಯೇ ಅವಳ ಕಣ್ಣು ಅಮ್ಮನ ಭುಜ ದಾಟಿ ಹಿಂದಕ್ಕೆ ಹೋಯಿತು. ಅಲ್ಲಿ ಹಸಿರು ಗಂಟನ್ನು ಎರಡು ಕೈಯಲ್ಲೂ ಹಿಡಿದು, ತೋಳಿಗೆ ರಿಬ್ಬನ್ನು ಕಟ್ಟಿಕೊಂಡು, ಅಪ್ಪ ಬರುತ್ತಿದ್ದರು.

ಬೀಸುತ್ತಿದ್ದ ಕೈ ಹಾಗೆಯೇ ನಿಂತಿತು. ಮೂವರೂ ಕಂಬಿಯ ಬಳಿ ಸೇರಿದರು. ಚಿಕ್ಕವಳಿದ್ದಾಗಿನಿಂದ ಈ ಅಪ್ಪನ ಜೊತೆ ಮಾತು ಶುರುಮಾಡಲು ಶ್ರೀವಿದ್ಯಾಳಿಗೆ ಒಂದೇ ದಾರಿ ಗೊತ್ತಿತ್ತು.

"ಎಷ್ಟೊತ್ತಾಯ್ತಪ್ಪಾ ಬರೋಕೆ?"

"ಎರಡು ಗಂಟೆ..." ಎಂದು ಶುರುಮಾಡಿದ ಸುದರ್ಶನ್ ಅಲ್ಲಿಗೇ ನಿಂತರು. ಕೈಗಡಿಯಾರದ ಕಡೆಗೆ ಹೋಗಿದ್ದ ಕಣ್ಣು ಮಗಳ ಮುಖಕ್ಕೆ ಬಂತು.

"ಎಂಟು ತಿಂಗಳಾಯ್ತು ಕಣಮ್ಮಾ," ಎಂದರು.

ಶ್ರೀವಿದ್ಯಾ ಅಮ್ಮನಿಗೆಂದು ತಂದಿದ್ದ ಶಾಲನ್ನು ಬಿಡಿಸಿ ಅಪ್ಪನಿಗೆ ಹೊದಿಸಿದಳು. ಅನಸೂಯ ಚಳಿಯಲ್ಲಿ ಸೆರಗು ಹೊದ್ದುಕೊಂಡು ಸೂಟ್‌ಕೇಸನ್ನು ತಾನೇ ಎತ್ತಿಕೊಂಡಳು.